ಒಣಗದ ಕೊಬ್ಬರಿ

ಮಂಗಳವಾರ, ಆಗಸ್ಟ್ ೧೨, ಯಗಟಿ

ನನ್ನ ಗಂಡನೆನ್ನಿಸಿಕೊಂಡ ತೀರ್ಥೇಶ ಇವತ್ತು ಆಳುಗಳೆದುರಿಗೇ ನನ್ನನ್ನು ಕೊಬ್ಬರಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದ. ಎಪ್ಪತ್ತೊಂದು ಕೆಜಿ. ಅರ್ಧ ಮುದ್ದೆ, ತಟ್ಟೆ ತುಂಬ ಸೊಪ್ಪು ತಿಂದುಕೊಂಡು ನಾಲ್ಕು ತಿಂಗಳಲ್ಲಿ ಐದು ಕೆಜಿ ಇಳಿದಿದ್ದೇನೆ.

"ಎಷ್ಟ್ ತಿಂಗ್ಳು ಅಟ್ಟದ ಮೇಲಿಟ್ರೂ ಒಣಗದ ಮಾಲು ಕಣ್ರೋ ಇದು!" ಅಂದ. ಎಲ್ಲರೂ ನಕ್ಕರು.

ಅರ್ಧ ಮುದ್ದೆ ತಿನ್ನು ಎಂದು ಡಾಕ್ಟರು ಹೇಳಿದ್ದು ಅವನಿಗೂ. ಕೇಳಲಿಲ್ಲ. ಯುಗಾದಿಯಿಂದ ಅವನಿಗೆ ಗೊತ್ತಾಗದ ಹಾಗೆ ವಾರವಾರವೂ ಅವನ ಮುದ್ದೆಯನ್ನು ಚಿಕ್ಕದು ಮಾಡುತ್ತ ಬಂದೆ. ಸಕ್ಕರೆ ಇಳಿಯಿತು. ತೋಟ ಸುತ್ತಿದ್ದಕ್ಕೆ ಇಳಿಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಇವತ್ತು ರಾತ್ರಿ ದಪ್ಪನೆಯ ಎರಡು ಮುದ್ದೆ ಇಟ್ಟು, ಗುಳಿ ತುಂಬ ತುಪ್ಪ ಸುರಿದೆ.

"ಇವತ್ತು ಮುದ್ದೆ ಮುದ್ದೆ ಇದ್ದಂಗೈತೆ ಕಣೇ!"

"ಇನ್ನೊಂದ್ ಹಾಕ್ಲಾ?" ಅಂದೆ, ಅಕ್ಕರೆಯಿಂದ.

ತಟ್ಟೆ ಮುಂದಕ್ಕೆ ಚಾಚಿದ. ನಾನು ಎಂದಿನಂತೆ ಅರ್ಧವೇ ತಿಂದೆ.