ಒಂದು ಗುಟುಕಿನ ತಕರಾರು

ಶುಕ್ರವಾರ, ಮಧ್ಯಾಹ್ನದ ನಮಾಜಿನ ನಂತರ

ಗಡ್ಡ ಬಿಟ್ಟು ನನ್ನ ಬಾಯಲ್ಲಿ ಗಡ್ಡಪ್ಪನಾದ ತಮ್ಮನ ಮಗನಿಗೆ ಅತ್ತೆಯ ಸಲಾಂ.

ನಿನ್ನ ಎರಡು ಕಾಗದಕ್ಕೂ ಉತ್ತರಿಸಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೇಳಲು ಏನೂ ಇಲ್ಲದೆ ಶಾಯಿ ಖರ್ಚು ಮಾಡುವವಳಲ್ಲ ನಾನು. ಈಗ ಇದೆ. ಕೂತುಕೊಂಡು ಓದು: ನಿಮ್ಮಿಬ್ಬರ ಮದುವೆ ನಡೆಯುತ್ತದೆ! ಸುದ್ದಿ ಕೇಳಿದ್ದೇ ನನ್ನ ಮಗಳು ಹೊಲಿಗೆ ಯಂತ್ರ ಬಿಟ್ಟು ಗೆಳತಿಯರ ಮನೆಗೆ ಓಡಿದಳು. ಗಿರಾಕಿ ಒಂದೇ ತೋಳಿನ ಷರಟು ಹಿಡಿದು ಅಂಗಡಿಯಲ್ಲಿ ನಿಂತೇ ಇದ್ದ.

ದಿನ ಗೊತ್ತು ಮಾಡಲು ಕೂತಾಗ ನಾನೇ ನಿನ್ನನ್ನು ತೋರಿಸಿ ನಗುತ್ತಾ, "ಇವನು ಹಸುಗೂಸಾಗಿದ್ದಾಗ ಇವನಮ್ಮನಿಗೆ ಜ್ವರ. ನಾನೇ ನಾಲ್ಕು ಸಲ ಹಾಲೂಡಿಸಿದ್ದೆ" ಎಂದೆನಲ್ಲ? ಐದು ಸಲ ಹೊಟ್ಟೆ ತುಂಬ ಕುಡಿದರೆ ಮಾತ್ರ ಹಾಲಿನ ನಂಟು ಎಂದು ನನ್ನಪ್ಪ ಹೇಳುತ್ತಿದ್ದರು. ಲೋಕವೆಲ್ಲ ಹಾಗೇ ಎಂದುಕೊಂಡಿದ್ದೆ. ಮದರಸಾದ ಮೇಷ್ಟ್ರು, ನನ್ನ ಮೈದುನ, ಲೋಟ ಕೆಳಗಿಟ್ಟು ಹೇಳಿದ್ದು ನೀನೇ ಕೇಳಿದೆ: "ಅತ್ತಿಗೆ, ನಮ್ಮಲ್ಲಿ ಒಂದು ಗುಟುಕು ಸಾಕು. ಇವನು ನಿಮ್ಮ ಹಾಲುಮಗ. ನಿಮ್ಮ ಮಗಳಿಗೆ ಅಣ್ಣ." ಅಲ್ಲಿಗೆ ಮದುವೆ ನಿಂತಿತು.

ನನ್ನಪ್ಪ ಸುಳ್ಳು ಹೇಳುವವರಲ್ಲ. ಓದಿದವರನ್ನೆಲ್ಲ ವಿಚಾರಿಸಿದೆ. ಐದು ಸಲದ ಆ ಲೆಕ್ಕ ಇನ್ನೊಂದು ಪಂಥದ ಇಮಾಮರ ಮತವಂತೆ. ಈ ಊರಲ್ಲಿ ಅದನ್ನು ಅನುಸರಿಸುವವರು ಬೆರಳೆಣಿಕೆ. ನಿನ್ನೆ ಮೈದುನನನ್ನೂ ಎಳೆದುಕೊಂಡು ಖಾಜಿಯವರ ಬಳಿ ಹೋದೆ. ಚಪ್ಪಲಿ ಅಂಗಡಿಯ ಮೇಲಿನ ಕೋಣೆ, ತುಂಬ ಪುಸ್ತಕ, ಬಂದವರಿಗೆ ಒಂದೇ ಕುರ್ಚಿ. ಅದರಲ್ಲಿ ನಾನು ಕೂತೆ.

ಮೈದುನ ಶುರುಮಾಡಿದ: "ಬೇಕಾದ ಹಣ್ಣನ್ನ ಬೇಕಾದ ಮರದಿಂದ ಕಿತ್ಕೊಳ್ಳೋಕೆ ಧರ್ಮ ಏನು ಬೀದಿ ಬದಿ ತೋಪಾ?"

"ಆ ಮರಗಳನ್ನೆಲ್ಲ ನೆಟ್ಟೋರು ದೊಡ್ಡೋರೇ ಕಣಯ್ಯ. ನೀನ್ಯಾಕೆ ಕೋಲು ಹಿಡ್ಕೊಂಡು ಕಾಯ್ತಿದ್ದೀಯ?" ಎಂದೆ.

ಖಾಜಿಯವರು ನಗು ಮುಚ್ಚಲು ಕೆಮ್ಮಿದರು. "ನಾಲ್ಕೇ ಸಲ ಅಂತ ಖಚಿತವಾ ಅಮ್ಮಾ?"

"ಹಾಲು ಕೊಟ್ಟವಳಿಗೆ ಮರೆಯುತ್ತಾ?"

"ಸರಿ. ಆ ಮತ ಹಗುರ ಅಂತ ಹಿಡೀಬಾರದು, ಸತ್ಯ ಅಂತ ಹಿಡೀಬೇಕು. ಹಿಡಿದ್ರೆ ಪೂರ್ತಿ ಹಿಡೀಬೇಕು. ಮದುವೆಗೆ ಮಗ ಅಲ್ಲ, ಮಿಕ್ಕಿದ್ದಕ್ಕೆಲ್ಲ ಮಗ ಅನ್ನೋ ಹಾಗಿಲ್ಲ. ಅವನು ನಿಮ್ಮ ಹಾಲುಮಗ ಅಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ."

"ಅಲ್ಲ" ಎಂದೆ, ಕೆಳಗಿನ ಅಂಗಡಿಯವನಿಗೂ ಕೇಳುವ ಹಾಗೆ. ಗೆದ್ದೆ ನೋಡು! ಮೆಟ್ಟಿಲಿಳಿಯುವಾಗ ಮೈದುನ, "ನಾನು ಈ ಮತ ಒಪ್ಪಲ್ಲ ಅತ್ತಿಗೆ. ಊಟಕ್ಕೆ ಮಾತ್ರ ಬರ್ತೀನಿ" ಎಂದ. "ಬಾರಪ್ಪ, ಅಕ್ಕಿಗೆ ಪಂಥ ಇಲ್ಲ" ಎಂದೆ.

ರಜೆ ಹಾಕಿ ಬೇಗ ಬಾ. ಕೊರಳಿನ ಅಳತೆ ಕಳಿಸು. ನಿನ್ನ ಮದುವೆ ಅಂಗಿಗೆ ಬೇರೆಯವರ ಸೂಜಿ ತಾಗಬಾರದು. ಅಲ್ಲಾಹು ನಿಮ್ಮಿಬ್ಬರ ಮನೆ ತುಂಬಿಸಲಿ. ಜಗಳ ಬಂದರೂ ಊಟದ ಹೊತ್ತಿಗೆ ಮುಗಿಯಲಿ.

ಇಂತಿ,
ನಿನ್ನ ಅತ್ತೆ

ಮತ್ತೊಂದು ಮಾತು. ಇದನ್ನು ನನ್ನ ಮಗಳಿಗೆ ಓದಿ ಹೇಳಬೇಡ. ಆಗ ನನಗೆ ಹಾಲು ಎಲ್ಲಿಂದ ಬಂತೆಂದು ನೀನು ಕೇಳಲಿಲ್ಲ. ನನ್ನ ಚೊಚ್ಚಲ ಗಂಡುಮಗುವನ್ನು ಆ ವಾರವೇ ಮಣ್ಣು ಮಾಡಿದ್ದೆವು. ಎದೆಗೆ ಅದು ತಿಳಿದಿರಲಿಲ್ಲ. ಮಕ್ಕಳೆಷ್ಟು ಎಂದು ಕೇಳಿದವರಿಗೆ ಇಷ್ಟು ವರ್ಷ "ಇಬ್ಬರು" ಎನ್ನುತ್ತಿದ್ದೆ. ತೀರಿಕೊಂಡವನನ್ನು ಸೇರಿಸುತ್ತಾಳೆ ಎಂದುಕೊಳ್ಳುತ್ತಿದ್ದರು. ನಾನು ಸೇರಿಸುತ್ತಿದ್ದದ್ದು ನಿನ್ನನ್ನು. ಮೈದುನ ಮದುವೆ ನಿಲ್ಲಿಸಿದ ದಿನ ನೀವೆಲ್ಲ ಅಳುತ್ತಿದ್ದಿರಿ; ನಾನು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಗಳಿಗೆ ಸಂತೋಷಪಟ್ಟೆ. ಅಂದಿನಿಂದ ನಿನ್ನೆಯವರೆಗೆ ನೀನು ಶರೀಅತ್ತಿನ ಪ್ರಕಾರವೇ ನನ್ನ ಮಗ. ಮದುವೆಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ಒಬ್ಬಳೇ" ಎನ್ನುತ್ತೇನೆ. ಖಾಜಿಯವರ ಮುಂದೆ ಪೂರ್ತಿ ಒಪ್ಪಿಕೊಂಡಿದ್ದೇನೆ. ಮಾತಿಗೆ ತಪ್ಪುವವಳಲ್ಲ ನಾನು.