ಓರಿಯೆಯ ಪರೀಕ್ಷೆ

ಕಾಂದಾ, ಟೋಕಿಯೊ
ಫೆಬ್ರವರಿ ೯

ಪ್ರೀತಿಯ ಫುಮಿಯೆ ಅಕ್ಕಾ,

ಹೇಗಿದ್ದೀಯ? ಹಾಚಿನೊಹೆಯಲ್ಲಿ ಮೊಣಕಾಲುದ್ದ ಹಿಮ ಬಿದ್ದಿದೆಯೆಂದು ಟಿವಿಯಲ್ಲಿ ನೋಡಿದೆ. ಸೊಂಟನೋವು ಕಡಿಮೆಯಾಯಿತೇ? ಚಾವಣಿಯ ಹಿಮ ಎಳೆಯಲು ನೀನೇ ಏಣಿ ಹತ್ತಬೇಡ, ಭಾವನಿಗೆ ಹೇಳು. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ.

ಪ್ರಕಾಶನದವರು ನನ್ನನ್ನು ಹೋಟೆಲಿನ ಕೋಣೆಯೊಂದರಲ್ಲಿ ಕೂಡಿಹಾಕಿದ್ದಾರೆ. ನಮ್ಮ ಲೇಖಕರು ‘ಡಬ್ಬಿಗೆ ತುಂಬುವುದು’ ಎನ್ನುವುದು ಇದಕ್ಕೇ. ನೀನು ಕಾರ್ಖಾನೆಯಲ್ಲಿ ಬಂಗುಡೆಗೆ ಮಾಡುವುದನ್ನು ಇವರು ನನಗೆ ಮಾಡಿದ್ದಾರೆ. ಕಿಟಕಿ ಗೇಣಗಲ ಮಾತ್ರ ತೆರೆಯುತ್ತದೆ, ಅದರಾಚೆ ಗೋಡೆ. ನನ್ನ ಫೋನು ಸಂಪಾದಕ ನೆಗಿಶಿಯವರ ಜೇಬಿನಲ್ಲಿದೆ. ಅವರು ಎದುರು ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಕೂತಿರುತ್ತಾರೆ. ಅನ್ನದುಂಡೆ ತಂದುಕೊಟ್ಟು, ‘ತಿನ್ನಿ ಮೇಷ್ಟ್ರೇ, ತಿಂದು ಬರೀರಿ’ ಎನ್ನುತ್ತಾರೆ. ಒಳ್ಳೆಯ ಮನುಷ್ಯ. ಅದೇ ಕಷ್ಟ, ಜಗಳವಾಡಲೂ ಆಗುವುದಿಲ್ಲ.

ನನ್ನ ‘ವೀರರ ಶಾಲೆ’ ಕಾದಂಬರಿ ಸರಣಿಯ ಹೊಸ ಸಂಪುಟ ಕೊನೆಯ ಅಧ್ಯಾಯಕ್ಕೆ ಬಂದು ನಿಂತಿದೆ. ನಿನಗೆ ಗೊತ್ತೇ ಇದೆ, ಆ ಶಾಲೆಯಲ್ಲಿ ಕತ್ತಿ ಬೀಸುವವರು, ಬೆಂಕಿ ಉಗುಳುವವರು ಎಲ್ಲ ಪಾಸಾಗುತ್ತಾರೆ. ಓರಿಯೆ ಮಾತ್ರ ಪರೀಕ್ಷೆಯ ನಡುವೆ ಯಾರೋ ಗಾಯಗೊಂಡರೆಂದು ಅವರ ಬಳಿ ಓಡುತ್ತಾಳೆ, ಫೇಲಾಗುತ್ತಾಳೆ. ಓದುಗರಿಗೆ ಅದೇ ಇಷ್ಟ. ಅವಳ ಅಳುಮುಖದ ಲೋಟ, ಟವೆಲು, ದಿಂಬು ಎಲ್ಲ ಮಾರಾಟಕ್ಕಿವೆ. ಈ ಸಲ ಅವಳನ್ನು ಪಾಸು ಮಾಡುತ್ತೇನೆ ಎಂದೆ. ನೆಗಿಶಿಯವರು ಚಹಾ ಕೆಳಗಿಟ್ಟು, ‘ಅವಳು ಪಾಸಾದ್ರೆ ನಾವು ಫೇಲು ಮೇಷ್ಟ್ರೇ! ಟಿವಿಯವರು ಬೇರೆ ಕಾಯ್ತಿದ್ದಾರೆ. ಇನ್ನೊಂದೇ ಒಂದ್ಸಲ ಡುಮ್ಕಿ ಹೊಡೆಸಿ’ ಎಂದು ತಲೆಬಾಗಿದರು. ಹಿಂದಿನ ಸಲವೂ ಇನ್ನೊಂದೇ ಸಲ ಎಂದಿದ್ದರು.

ಓರಿಯೆ ಯಾರೆಂದು ಅವರಿಗೆ ಗೊತ್ತಿಲ್ಲ. ಮೀನು ನಾರುವ ಏಪ್ರನ್ ಕೂಡ ಬಿಚ್ಚದೆ, ಒಲೆಯ ಮುಂದೆ ನರ್ಸಿಂಗ್ ಪುಸ್ತಕ ಹಿಡಿದು ತೂಕಡಿಸುತ್ತಿದ್ದವಳನ್ನು ಅವರು ನೋಡಿಲ್ಲ. ಪ್ರವೇಶ ಪರೀಕ್ಷೆಯ ದಿನ ನನಗೆ ಜ್ವರವೆಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ಬಂದವಳು ನೀನು. ‘ಪರೀಕ್ಷೆ ಎಲ್ಲಿಗೆ ಓಡಿಹೋಗುತ್ತೋ? ಬಾಯ್ತೆಗಿ, ಗಂಜಿ ಕುಡಿ’ ಎಂದಿದ್ದೆ. ಈ ಹೊಸವರ್ಷಕ್ಕೆ ನಾನು ಊರಿಗೆ ಬಂದಿದ್ದಾಗ ನೀನು ನನ್ನ ಹಿಂದಿನ ಸಂಪುಟವನ್ನು ಓದಿ ಮುಚ್ಚಿಟ್ಟು, ‘ಲೋ ಶಿಗೆಕಿ, ಇನ್ನೂ ಎಷ್ಟು ವರ್ಷ ನನ್ನನ್ನ ಅದೇ ಬೆಂಚಲ್ಲಿ ಕೂರಿಸ್ತೀಯೋ?’ ಎಂದು ಕೇಳಿದೆ. ಭಾವ ನಕ್ಕರು, ನಾನೂ ನಕ್ಕೆ. ನೀನು ಎದ್ದು ಅಡುಗೆಮನೆಗೆ ಹೋದೆ. ಬಹಳ ಹೊತ್ತು ನಲ್ಲಿಯ ನೀರು ಸುಮ್ಮನೆ ಸುರಿಯುತ್ತಿತ್ತು.

ಅವಳನ್ನು ಸೋಲಿಸುವ ಸಾಲು ಬರೆದರೆ ನನ್ನ ಕೈಯೇ ಹೊಡೆದುಹಾಕುತ್ತದೆ. ಗೆಲ್ಲಿಸಿದರೆ ಇವರು ಹೊರಗೆ ಬಿಡುವುದಿಲ್ಲ. ಕರಾರಿನ ಪ್ರಕಾರ ಶಾಲೆಯೂ ಮಕ್ಕಳೂ ಕಂಪನಿಯ ಸ್ವತ್ತು. ನಾನು ಬಿಟ್ಟುಹೋದರೆ ಬೇರೆಯವರ ಕೈಯಲ್ಲಿ ಅವಳು ಮುದುಕಿಯಾಗುವವರೆಗೂ ಡುಮ್ಕಿ ಹೊಡೆಯುತ್ತಾಳೆ. ಇರಲೂ ಆಗದು, ಹೋಗಲೂ ಆಗದು ಅಕ್ಕಾ.

ಭಾವನಿಗೆ ನಮಸ್ಕಾರ ತಿಳಿಸು. ಬೆಚ್ಚಗಿರು.

ನಿನ್ನ ತಮ್ಮ,
ಶಿಗೆಕಿ

ತಾ.ಕ.: ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ರಾತ್ರಿಯೆಲ್ಲ ಕೂತು ಕೊನೆಯ ಅಧ್ಯಾಯವನ್ನು ನನಗೆ ಬೇಕಾದ ಹಾಗೆ ಬರೆದು ಮುಗಿಸಿದೆ. ಬೆಳಿಗ್ಗೆ ನೆಗಿಶಿಯವರಿಗೆ ನಿನ್ನ ವಿಷಯವೆಲ್ಲ ಹೇಳಿಬಿಟ್ಟೆ. ಈ ಸಂಪುಟ ನಾನು ಬರೆದ ಹಾಗೇ ಅಚ್ಚಾಗಲಿ, ಮುಂದಿನದನ್ನು ಯಾರಿಂದಲಾದರೂ ಬರೆಸಿಕೊಳ್ಳಿ ಎಂದೆ. ಅವರು ಹಾಳೆಗಳನ್ನು ಓದಿ ಮುಗಿಸಿ, ನನ್ನ ಫೋನನ್ನು ಮೇಜಿನ ಮೇಲಿಟ್ಟರು. ‘ಮೇಲಿನವರು ನೋಡೋ ಹೊತ್ತಿಗೆ ಪುಸ್ತಕ ಅಂಗಡೀಲಿರುತ್ತೆ. ನನ್ನ ಕೆಲಸ ಹೋದ್ರೆ ನಿಮ್ಮಕ್ಕನ ಕಾರ್ಖಾನೇಲಿ ಜಾಗ ಇದ್ಯಾ ಕೇಳಿ’ ಎಂದು ಹೊರಟೇಹೋದರು. ಫೋನು ಮಾಡಿದರೆ ನನಗೆ ಅಳು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕಾ, ನೀನು ಪಾಸು.