ಯಜಮಾನರ ಗೊರಕೆಗೆ ಒಂದು ಪುಟ

ಹೊನ್ನಾಳಿ, ಜುಲೈ ೧೪, ಸೋಮವಾರ ರಾತ್ರಿ

ಸಮಸ್ತ ಜಗತ್ತಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ನಮ್ಮ ಮನೆಯ ಚಪಾತಿ ಮಣೆಯೇ ನನ್ನ ಅಧಿಕೃತ ಬರೆಯುವ ಮೇಜು. ಊಟವಾದ ಮೇಲೆ ಎಂದಿನಂತೆ ದಿನಕ್ಕೊಂದು ಪುಟ. ಯಜಮಾನರು ತೀರಿಕೊಂಡಾಗಿನಿಂದ ಒಂದು ರಾತ್ರಿಯೂ ತಪ್ಪಿಸಿಲ್ಲ.

ಇವತ್ತು ಅವರ ಗೊರಕೆಯ ಬಗ್ಗೆ ಬರೆಯುತ್ತಾ ಜೋರಾಗಿ ನಕ್ಕುಬಿಟ್ಟೆ. ನನ್ನನ್ನು ಸಮಾಧಾನ ಮಾಡಲೆಂದು ನ್ಯಾಮತಿಯಿಂದ ಬಂದಿರುವ ಸೋದರತ್ತೆ ಒಳಗಿಂದ ಎದ್ದು ಬಂದರು.

"ಗಂಡನ್ನ ಮಣ್ಣು ಮಾಡಿ ತಿಂಗ್ಳಾಗಿಲ್ಲ, ನಗಾಕೆ ಹೆಂಗೆ ಮನಸ್ಸು ಬರ್ತೈತೆ ನಿಂಗೆ?"

"ಬರೀದಿದ್ರೆ ನಿದ್ದೆ ಹತ್ತಲ್ಲ ಅತ್ತೆ. ನೀವು ಬೇಕಾದ್ರೆ ಅಳ್ರಿ, ನಾನು ಪುಟ ಮುಗಿಸ್ತೀನಿ."

ಅವರು ಮುನಿಸಿಕೊಂಡು ಮಲಗಿದರು. ನಾನು ಮುಗಿಸಿದೆ. ಕೊನೆಯ ಸಾಲಿಗೆ ಅಳುವೂ ಬಂತು, ಯಾರ ಅಪ್ಪಣೆಗೂ ಕಾಯದೆ. ಈಗ ಕಣ್ಣು ಎಳೆಯುತ್ತಿದೆ.

ಬೆಳಗ್ಗೆ ಇದನ್ನು ಕದ್ದು ಓದಲಿರುವ ಅತ್ತೆಯವರಲ್ಲಿ ಒಂದು ವಿನಂತಿ: ಹಾಲಿನವನು ಬಂದರೆ ನೀವೇ ಹಾಲು ಹಾಕಿಸಿಕೊಳ್ಳಿ. ನಾನು ಮಲಗಿರುತ್ತೇನೆ.